ನಿರಸಾಕಿಯಿಂದ ಅಪ್ಪನಿಗೆ

ಅಪ್ಪನಿಗೆ ನಮಸ್ಕಾರಗಳು.

ಇಲ್ಲಿ ಜಪಾನಿನಲ್ಲಿ ನಾನು ಕ್ಷೇಮ. ಅಮ್ಮ ಕಳಿಸಿದ ಚಟ್ನಿಪುಡಿ ಬಂತು. ಮುಚ್ಚಳ ಸಡಿಲಾಗಿ ಪಾರ್ಸೆಲ್ ಪೂರ್ತಿ ಬೆಳ್ಳುಳ್ಳಿ ಘಮ, ಪೋಸ್ಟಿನವನು ಪಾಪ ಏನೂ ಅನ್ನಲಿಲ್ಲ.

ಹೋದ ವಾರ ಫೋನಿನಲ್ಲಿ, "ರಿಟೈರಾದ ಪಿ.ಟಿ. ಮೇಷ್ಟ್ರನ್ನ ಯಾರು ಕೇಳ್ತಾರೆ" ಅಂದಿರಲ್ಲ, ಅದು ಮನಸ್ಸಿನಲ್ಲೇ ಕೂತಿತ್ತು. ಮಾರನೇ ದಿನ ಊಟದ ಹೊತ್ತಿಗೆ ನಮ್ಮ ಆಫೀಸಿನ ಹಿರಿಯ ಹೆಂಗಸೊಬ್ಬರು ಮೊಬೈಲ್ ಮುಂದೆ ಹಿಡಿದರು. ಮೈದಾನದ ನಟ್ಟನಡುವೆ ಒಬ್ಬ ಅಂಗಾತ ಮಲಗಿದ್ದಾನೆ. "ನಮ್ಮೂರ ಹೈಸ್ಕೂಲಿನ ಹುಡುಗ" ಅಂದರು. ಹುಡುಗ ಹುಟ್ಟಿದ್ದು 1977ರಲ್ಲಿ!

ಹೆಸರು ನಕಾಟಾ ಹಿಡೆಟೊಶಿ, ಜಪಾನ್ ತಂಡದ ಫುಟ್‌ಬಾಲ್ ಆಟಗಾರನಾಗಿದ್ದವನು. ಹುಟ್ಟೂರು ಇಲ್ಲೇ ಪಕ್ಕದ ಕೋಫು, ಓದಿದ್ದು ನಮ್ಮ ನಿರಸಾಕಿಯಲ್ಲಿ. 1998ರಲ್ಲಿ ಇಟಲಿಯ ಪೆರೂಜಾ ತಂಡಕ್ಕೆ ಹೋಗಿ, ಮೊದಲ ಲೀಗ್ ಪಂದ್ಯದಲ್ಲೇ ಅಲ್ಲಿನ ದೊಡ್ಡ ತಂಡ ಯುವೆಂಟಸ್‌ಗೆ ಎರಡು ಗೋಲು ಹೊಡೆದ. ತಂಡ ಸೋತಿತು, ಇವನು ಗೆದ್ದ. 2001ರಲ್ಲಿ ರೋಮಾ ತಂಡ ಇಟಲಿಯ ಲೀಗ್ ಗೆದ್ದಾಗ ಆ ತಂಡದಲ್ಲಿದ್ದ. ನೀವು ನೋಡಿದ್ದರೆ "ಕತ್ತೆತ್ತಿ ಆಡ್ತಾನೆ ನೋಡು" ಅಂತ ನಿಮ್ಮ ಹುಡುಗರಿಗೆ ತೋರಿಸುತ್ತಿದ್ದಿರಿ.

ಆದರೆ ನನಗೆ ಹಿಡಿಸಿದ್ದು ಆಟಕ್ಕಿಂತ ಬೇರೆ. ಈತನಿಗೆ ಪತ್ರಿಕೆಯವರೆಂದರೆ ಆಗುತ್ತಿರಲಿಲ್ಲ. ತಾನು ಹೇಳುವುದೊಂದು, ಅಚ್ಚಾಗುವುದೊಂದು ಅಂತ ಸಿಟ್ಟು. ಹಾಗಾಗಿ ಫೇಸ್‌ಬುಕ್ಕು, ಇನ್‌ಸ್ಟಾ ಹುಟ್ಟುವ ಮೊದಲೇ ತನ್ನದೇ ವೆಬ್‌ಸೈಟ್ ಮಾಡಿಕೊಂಡು ಅಭಿಮಾನಿಗಳಿಗೆ ನೇರವಾಗಿ ಬರೆಯುತ್ತಿದ್ದ. ಆ ಹೆಂಗಸು ಆಗ ಕೆಲಸ ಮುಗಿಸಿ ಬಂದವರೇ ಅದನ್ನು ತೆರೆದು ಕೂರುತ್ತಿದ್ದರಂತೆ.

ಮೊಬೈಲಿನ ಆ ಚಿತ್ರ 2006ರ ವಿಶ್ವಕಪ್ಪಿನದು, ಜೂನ್ 22, ಜರ್ಮನಿಯ ಡಾರ್ಟ್ಮಂಡ್. ಜಪಾನ್ ಮೊದಲ ಗೋಲು ಹೊಡೆದರೂ ಬ್ರೆಜಿಲ್ 4-1ರಿಂದ ಮಣಿಸಿತು. ಎಲ್ಲರೂ ಒಳಗೆ ಹೋದ ಮೇಲೂ ಇವನು ಹುಲ್ಲಿನ ಮೇಲಿಂದ ಏಳಲೇ ಇಲ್ಲ. ಏಕೆಂದು ಗೊತ್ತಾಗಿದ್ದು ಜುಲೈ 3ಕ್ಕೆ: ಆಟ ಬಿಟ್ಟೆ ಅಂತ ವೆಬ್‌ಸೈಟಿನಲ್ಲಿ ಬರೆದ. ಪ್ರೆಸ್‌ಮೀಟೂ ಇಲ್ಲ, ಹಾರ ತುರಾಯಿಯೂ ಇಲ್ಲ. ವಯಸ್ಸು 29! ಆ ಬರಹದ ತಲೆಬರಹದಲ್ಲೇ ಎರಡು ತಾರೀಕು ಹಾಕಿದ್ದ: 1985ರ ಡಿಸೆಂಬರ್ 1, 2006ರ ಜೂನ್ 22. ಚೆಂಡು ಹಿಡಿದ ದಿನ, ಬಿಟ್ಟ ದಿನ. ಆ ಹೆಂಗಸು ಎರಡನ್ನೂ ಬಾಯಿಪಾಠ ಹೇಳಿದರು.

ಆಮೇಲೆ ದೇಶ ದೇಶ ಸುತ್ತಿ, 2009ರಿಂದ ಜಪಾನಿನ 47 ಪ್ರಾಂತ್ಯಗಳನ್ನೂ ಸುತ್ತಿದ. ಕುಂಬಾರರು, ರೈತರು, ಸಾಕೆ ಮಾಡುವವರು, ಎಲ್ಲರ ಬಾಗಿಲಿಗೂ ಹೋದ. ಈಗ ಸಾಕೆಯದೇ ವ್ಯಾಪಾರ. ಸಾಕೆ ಅಂದರೆ ಅಕ್ಕಿಯಿಂದ ಮಾಡುವ ಮದ್ಯ, ನಾನು ಮುಟ್ಟಿಲ್ಲ, ಅಮ್ಮನಿಗೆ ಹೇಳಿಬಿಡಿ. ಬೂಟು ಕಳಚಿ ಇಷ್ಟು ವರ್ಷವಾದರೂ ಅವನ ಹಳೇ ಗೋಲುಗಳ ವಿಡಿಯೊ ಜನ ನೋಡುತ್ತಲೇ ಇದ್ದಾರೆ. ಅವನ ಆಟ ಮುಗಿದಾಗ ಹುಟ್ಟೇ ಇರದಿದ್ದ ನಮ್ಮ ಕ್ಯಾಂಟೀನಿನ ಹುಡುಗನೂ ನೋಡುತ್ತಾನೆ.

ಅಂದ ಹಾಗೆ, ನೀವು ಸ್ಕೂಲಿಗೆ ಸೇರಿದ ತಾರೀಕು ಯಾವುದು? ಬಿಟ್ಟದ್ದು ಮೇ 31 ಅಂತ ಗೊತ್ತು. ಆ ಹಿತ್ತಾಳೆ ವಿಷಲ್ ಗೋದ್ರೆಜ್ ಬೀರುವಿನಲ್ಲಿದ್ದರೆ ಒಂದು ಫೋಟೊ ತೆಗೆಸಿ, ತಮ್ಮನ ಕೈಲಿ ಕಳಿಸಿ. ನಾಳೆ ಊಟಕ್ಕೆ ಅವರಿಗೆ ತೋರಿಸಬೇಕು.

ನಿಮ್ಮ ಮಗಳು