ಬೆಸುಗೆಯ ಅಲ್ಟ್ರಾಸಾನಿಕ್ ಪರೀಕ್ಷೆಯ ವರದಿ ಕುರಿತು ಅಂತಿಮ ದೂರು

ಗೆ,
ವ್ಯವಸ್ಥಾಪಕರು, ಪರೀಕ್ಷಾ ವಿಭಾಗ

ಮಾನ್ಯರೇ,

ಫೋನಿನಲ್ಲಿ ನಯವಾಗಿ ಕೇಳಿದ್ದಾಯಿತು, ಇಮೇಲಿನಲ್ಲಿ ನೆನಪಿಸಿದ್ದೂ ಆಯಿತು. ಇನ್ನು ಏನಿದ್ದರೂ ಬರಹದಲ್ಲಿ.

25 ಮಿಮೀ ದಪ್ಪದ ಕಾರ್ಬನ್ ಸ್ಟೀಲ್ ಪ್ಲೇಟಿನ ಸಿಂಗಲ್-ವಿ (ಒಂದೇ ಬದಿಗೆ ವಿ ಆಕಾರದಲ್ಲಿ ತೆರೆದ) ಬೆಸುಗೆಗೆ ‘ದೋಷವಿಲ್ಲ’ ಎಂದು ವರದಿ ಕೊಟ್ಟಿರಿ. ಅದೇ ಜಾಯಿಂಟನ್ನು ಬೇರೆ ಕಾರಣಕ್ಕೆ ಗೌಜ್ ಮಾಡಿದಾಗ (ಲೋಹ ಕೆತ್ತಿ ತೆಗೆದಾಗ) 13 ಮಿಮೀ ಆಳದಲ್ಲಿ, ಬೆವೆಲ್ ಗೋಡೆಗುಂಟ (ಪ್ಲೇಟಿನ ಓರೆಯಾಗಿ ಕತ್ತರಿಸಿದ ಅಂಚಿನುದ್ದಕ್ಕೂ), ಲೋಹ ಕೂಡದೇ ಉಳಿದ ನುಣುಪಾದ ಗೆರೆ ಸಿಕ್ಕಿತು.

ಏಕೆ ತಪ್ಪಿತೆಂಬುದು ನಿಮ್ಮ ವರದಿಯಲ್ಲೇ ಇದೆ. ಬಳಸಿದ್ದು 45 ಡಿಗ್ರಿ ಪ್ರೋಬ್ (ಶಬ್ದತರಂಗವನ್ನು ಆ ಕೋನದಲ್ಲಿ ಪ್ಲೇಟಿನೊಳಕ್ಕೆ ಕಳಿಸಿ, ಮರಳುವ ಎಕೋ ಹಿಡಿಯುವ ಸಾಧನ) ಒಂದೇ. ಈ ವಿ-ಯ ಬಾಯಿ 60 ಡಿಗ್ರಿ, ಅಂದರೆ ಗೋಡೆ ಲಂಬದಿಂದ 30 ಡಿಗ್ರಿ ವಾಲಿದೆ. 60 ಡಿಗ್ರಿ ಪ್ರೋಬಿನ ತರಂಗ ತಳಕ್ಕೆ ಬಡಿದು ಮೇಲೇರುವಾಗ ಆ ಗೋಡೆಯನ್ನು ಲಂಬವಾಗಿ ತಾಗಿ ಬಂದ ದಾರಿಯಲ್ಲೇ ಮರಳುತ್ತದೆ; ಎಕೋ, ತರಂಗ ದೋಷ ಮುಟ್ಟಲು ಸಾಗುವ ದೂರವಾದ 74 ಮಿಮೀ ಬೀಮ್ ಪಾತ್‌ನಲ್ಲಿ ಎದ್ದು ನಿಲ್ಲಬೇಕಿತ್ತು. 45ರದ್ದು 15 ಡಿಗ್ರಿ ಓರೆಯಾಗಿ ತಾಗಿ ಬೇರೆಡೆ ಚಿಮ್ಮುತ್ತದೆ. ರೂಟ್ (ಬೆಸುಗೆಯ ಬುಡ) ನೋಡಲು 45 ಬೇಕು, ನಿಜ. ಗೋಡೆಗೆ ಸಾಲದು.

ಇದನ್ನು ಕೇಳಲು ಬಂದಾಗ ನಿಮ್ಮ ಮೇಲ್ವಿಚಾರಕರು ಕೂರಿ ಎಂದೂ ಹೇಳದೆ, ಟ್ರೈನಿಗಳ ಎದುರು ಕೊಟ್ಟ ಪಾಠ ಹೀಗಿತ್ತು:

“ಸ್ಕ್ರೀನ್ ಕ್ಲೀನ್ ಇತ್ತು ಸಾರ್. ಅಂದ್ರೆ ವೆಲ್ಡೂ ಕ್ಲೀನ್.”
“ಪ್ರೋಬಿನಿಂದ ಪ್ಲೇಟಿಗೆ ತರಂಗ ದಾಟಿಸುವ ಜೆಲ್, ಆ ಕಪ್ಲಂಟ್ ಹಿಡಿದಿತ್ತೇ?”
“ಹಿಡೀದಿದ್ರೆ ಬ್ಯಾಕ್ ವಾಲ್ ಎಕೋ, ಪ್ಲೇಟಿನ ತಳದಿಂದ ಬರೋ ಎಕೋ, ಹೋಗ್ತಿತ್ತಲ್ಲ.”
“ಆಂಗಲ್ ಪ್ರೋಬಿನಲ್ಲಿ ಬ್ಯಾಕ್ ವಾಲ್ ಎಕೋ ಎಲ್ಲಿಂದ ಬಂತು?”
“ನೋಡ್ರಪ್ಪ, ಪುಸ್ತಕ ಓದ್ಕೊಂಡು ಬಂದವ್ರೆ!”

ಟ್ರೈನಿಗಳು ನಕ್ಕರು. ಪಾಪ, ಪ್ರಮಾಣಪತ್ರದ ಪರೀಕ್ಷೆಯಲ್ಲಿ ಅವರು ಇದೇ ಉತ್ತರ ಬರೆಯದಿದ್ದರೆ ಸಾಕು.

ಸಮಾಂತರ ಪ್ಲೇಟಿನ ತಳಕ್ಕೆ ಬಡಿದ ಓರೆ ತರಂಗ ಮುಂದಕ್ಕೆ ಹೋಗುತ್ತದೆ, ಪ್ರೋಬಿಗೆ ಮರಳುವುದಿಲ್ಲ. ಹಾಗಾಗಿ ಬೆಸುಗೆ ಗಟ್ಟಿಯಿದ್ದರೂ ಪರದೆ ಖಾಲಿ, ಸ್ಪ್ಯಾಟರ್ (ಸಿಡಿದು ಅಂಟಿದ ಲೋಹದ ಹನಿ) ಮೇಲೆ ಪ್ರೋಬ್ ಎದ್ದು ಕಪ್ಲಂಟ್ ಬಿಟ್ಟುಹೋದರೂ ಖಾಲಿ. ಎರಡರಲ್ಲಿ ಯಾವುದೆಂದು ದಾಖಲೆ ಹೇಳಬೇಕು. ನಿಮ್ಮದರಲ್ಲಿ ಗೇನ್ (ಸಂಕೇತವನ್ನು ಎಷ್ಟು ಹಿಗ್ಗಿಸಿದಿರಿ ಎಂಬ) ಕಾಲಂ ಕೂಡ ಖಾಲಿ! ವಿ1 ಬ್ಲಾಕಿನಲ್ಲಿ (ಉಪಕರಣ ಸರಿಹೊಂದಿಸುವ ಪ್ರಮಾಣಿತ ಉಕ್ಕಿನ ತುಂಡಿನಲ್ಲಿ) ಪ್ರೋಬಿನ ಕೋನ ತಾಳೆ ನೋಡಿದ್ದಿಲ್ಲ, ಪ್ಲೇಟಿನೊಳಗಿನ ಪದರ-ಬಿರುಕು, ಅಂದರೆ ಲ್ಯಾಮಿನೇಷನ್‌ಗೆಂದು 0 ಡಿಗ್ರಿ ಪ್ರೋಬ್ ಆಡಿಸಿದ ಸುಳಿವಿಲ್ಲ. ಫಲಿತಾಂಶ ತೀರ್ಮಾನಿಸಿ ಸಹಿ ಹಾಕಿದವರು ಲೆವೆಲ್ 1, ಅಂದರೆ ಅರ್ಹತೆಯ ಮೊದಲ ಹಂತದವರು. ಐಎಸ್‌ಒ 9712, ಪರೀಕ್ಷಕರ ಅರ್ಹತೆಯ ಮಾನದಂಡ, ಅವರಿಗೆ ಆ ಅಧಿಕಾರ ಕೊಟ್ಟಿಲ್ಲವೆಂದು ನಿಮಗೆ ಹೇಳಿಕೊಡಬೇಕಿಲ್ಲ.

ಏಳು ದಿನದೊಳಗೆ ಲೆವೆಲ್ 2 ಪರೀಕ್ಷಕರಿಂದ, ನಿಮ್ಮದೇ ಖರ್ಚಿನಲ್ಲಿ, ಉಳಿದೆಲ್ಲ ಜಾಯಿಂಟುಗಳನ್ನೂ 45, 60, 70 ಡಿಗ್ರಿಗಳಲ್ಲಿ ಎರಡೂ ಬದಿಯಿಂದ ಮರುಪರೀಕ್ಷಿಸಿ. ಇಲ್ಲವಾದರೆ ಬಿಲ್ ಪಾವತಿಯಾಗದು. ಗೌಜ್ ಮಾಡಿದ ಜಾಗದ ಫೋಟೋಗಳು, ನಿಮ್ಮ ವರದಿ, ಈ ಪತ್ರ ಮೂರೂ ನಿಮಗೆ ಮಾನ್ಯತೆ ಕೊಟ್ಟ ಸಂಸ್ಥೆಗೆ ಹೋಗುತ್ತವೆ. ನಿಮ್ಮ ಹಳೆಯ ‘ದೋಷವಿಲ್ಲ’ ವರದಿಗಳನ್ನೂ ಕಪಾಟಿನಿಂದ ತೆಗೆಸಿದ್ದೇವೆ.

ಇತಿ,
ಗುಣಮಟ್ಟ ವಿಭಾಗ