ಸಭಾಪಾಲಕರಿಲ್ಲದ ಹನ್ನೊಂದು ತಿಂಗಳು: ಸಲ್ಲಬೇಕಾದ ವಂದನೆಗಳು

ಹೊಸ ಸಭಾಪಾಲಕರು ಬಂದಾಯಿತು. ಹನ್ನೊಂದು ತಿಂಗಳು ಒಂದು ಭಾನುವಾರವೂ ಆರಾಧನೆ ತಪ್ಪದಂತೆ ನೋಡಿಕೊಂಡ ಎಲ್ಲರಿಗೂ ಸಭಾ ಕಮಿಟಿಯ ವಂದನೆಗಳು.

ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕ್ರಮದಲ್ಲಿ ಪ್ರಾರ್ಥನೆ, ಪ್ರಸಂಗಗಳನ್ನು ಸಭೆಯ ಹಿರಿಯರೂ ನಡೆಸಬಹುದು. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಮಾತ್ರ ಅಭಿಷಿಕ್ತ ಪಾಲಕರೇ ಬೇಕು. ತಿಂಗಳ ಮೊದಲ ಭಾನುವಾರ ತಮ್ಮ ಸಭೆಯ ಆರಾಧನೆ ಮುಗಿಸಿ ಇಲ್ಲಿಗೂ ಬಂದ ನೆರೆಯ ಪಾಲಕರಿಗೆ ನಾವು ಋಣಿಗಳು.

ದೊಡ್ಡ ವಂದನೆ, ಒಬ್ಬರಾದ ಮೇಲೊಬ್ಬರು ಕಡಿಯದಂತೆ ನಡೆಸುವ ಸರಪಣಿ ಪ್ರಾರ್ಥನೆಯವರಿಗೆ. 1727ರ ಆಗಸ್ಟ್‌ನಲ್ಲಿ ಜರ್ಮನಿಯ ಹೆರ್ನ್‌ಹುಟ್‌ನಲ್ಲಿ 24 ಗಂಡಸರು, 24 ಹೆಂಗಸರು ದಿನದ ಗಂಟೆಗಳನ್ನು ಹಂಚಿಕೊಂಡು ಆರಂಭಿಸಿದ ಮೊರಾವಿಯನ್ ಎಂಬ ಪ್ರೊಟೆಸ್ಟಂಟ್ ಪಂಗಡದ ಪ್ರಾರ್ಥನೆ ನೂರು ವರ್ಷ ನಡೆಯಿತು. ನಮ್ಮದು ತಿಂಗಳಿಗೊಂದು ದಿನ, ಶುಕ್ರವಾರ ಸಂಜೆ 6ರಿಂದ ಶನಿವಾರ ಸಂಜೆ 6ರವರೆಗೆ. ಅರ್ಧ ಗಂಟೆಯ 48 ಸರದಿ, ಒಂದೊಂದಕ್ಕೂ ಇಬ್ಬರು. ಪೂರ್ತಿ ಗಂಟೆ ಕೊಟ್ಟರೆ ಹೊಸಬರಿಗೆ ಇಪ್ಪತ್ತು ನಿಮಿಷಕ್ಕೇ ಮಾತು ತೀರಿ ಹೇಳಿದ್ದನ್ನೇ ಹೇಳುವಂತಾಗುತ್ತದೆ. ಇಬ್ಬರಿದ್ದರೆ ಒಬ್ಬರು ಕೀರ್ತನೆ ಓದುವಾಗ ಇನ್ನೊಬ್ಬರು ಸುಧಾರಿಸಿಕೊಳ್ಳಬಹುದು.

ಕೊಂಡಿ ಕಳಚುವುದು ರಾತ್ರಿ 2ರಿಂದ 4ರ ನಡುವೆ. ಅದೂ ನಿದ್ದೆ ಹೋದವರಿಗಿಂತ ಹೆಚ್ಚಾಗಿ, ಮುಂದಿನವರು ಎದ್ದಿರುತ್ತಾರೆಂದು ನಂಬಿ ಹಾಸಿಗೆಗೆ ಹೋದವರಿಂದ. ಅದಕ್ಕೇ, ಮುಂದಿನವರು ಫೋನಿನಲ್ಲಿ ದನಿಯೆತ್ತಿ ಮಾತಾಡುವವರೆಗೆ ಸರದಿ ಬಿಡುವಂತಿಲ್ಲ. ಮಿಸ್ಡ್ ಕಾಲ್ ಲೆಕ್ಕಕ್ಕಿಲ್ಲ. ಆ ಹೊತ್ತನ್ನು ಕೇಳಿ ಪಡೆದ ನರ್ಸ್ ಅಕ್ಕಂದಿರಿಗೆ, ರಾತ್ರಿ ಕಾವಲಿನ ಅಣ್ಣಂದಿರಿಗೆ ಏನು ಹೇಳಿದರೂ ಸಾಲದು.

ಬಿನ್ನಹಗಳ ಪಟ್ಟಿ ಬರೆದ ಸ್ತ್ರೀಯರ ಕೂಟದವರು ಕಲಿಸಿದ್ದು ಬಹಳ. ಒಂದೇ ಹಾಳೆ, ಹನ್ನೆರಡಕ್ಕಿಂತ ಹೆಚ್ಚು ಬಿನ್ನಹ ಇಲ್ಲ. ಹೆಸರಿನ ಮುಂದೆ ‘ಆರೋಗ್ಯಕ್ಕಾಗಿ’ ಎಂದಷ್ಟೇ. ಕಾಯಿಲೆ ಯಾವುದು, ಸಾಲ ಎಷ್ಟು, ಯಾರ ಮನೆಯಲ್ಲಿ ಮನಸ್ತಾಪ ಎಂದು ಬರೆಯುವಂತಿಲ್ಲ. ಅವರವರ ಒಪ್ಪಿಗೆ ಕೇಳಿಯೇ ಹೆಸರು ಸೇರಿಸಬೇಕು. ‘ಪ್ರಾರ್ಥನೆಗಾಗಿ’ ಎಂದು ವಾಟ್ಸ್‌ಆಪ್‌ಗೆ ಹಾಕಿದ್ದು ಸಂಜೆಯೊಳಗೆ ಬೀದಿಮಾತಾಗುತ್ತದೆ, ಆಮೇಲೆ ಯಾರೂ ಬಾಯಿಬಿಟ್ಟು ಕಷ್ಟ ಹೇಳಿಕೊಳ್ಳುವುದಿಲ್ಲ. ನಾಲ್ಕು ವಾರಕ್ಕೊಮ್ಮೆ ಮನೆಗೆ ಹೋಗಿ ವಿಚಾರಿಸಿ ತಿದ್ದದಿದ್ದರೆ, ಎದ್ದು ಓಡಾಡುತ್ತಿರುವವರಿಗೂ ‘ಹಾಸಿಗೆ ಹಿಡಿದ’ ಎಂದೇ ಪ್ರಾರ್ಥಿಸುತ್ತಿರುತ್ತೇವೆ!

ಭಾನುವಾರದ ಮಧ್ಯಸ್ಥ ಪ್ರಾರ್ಥನೆಯನ್ನು, ಅಂದರೆ ಇತರರಿಗಾಗಿ ಮಾಡುವ ಪ್ರಾರ್ಥನೆಯನ್ನು, ಐದು ನಿಮಿಷದೊಳಗೆ ಮುಗಿಸಿದ ಹಿರಿಯರಿಗೂ ವಂದನೆ. ಬೈಬಲಿನ 1 ತಿಮೊಥೆ ಪತ್ರದ 2ನೇ ಅಧ್ಯಾಯದಲ್ಲಿ ಪೌಲನು ಹೇಳುವಂತೆ ಎಲ್ಲ ಮನುಷ್ಯರಿಗಾಗಿ, ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥಿಸಿ, ಆಮೇಲೆ ಸಭೆಗೆ, ರೋಗಿಗಳಿಗೆ, ದುಃಖದಲ್ಲಿರುವವರಿಗೆ ಬರುತ್ತಿದ್ದರು. ಶನಿವಾರವೇ ಬರೆದು ಇನ್ನೊಬ್ಬ ಹಿರಿಯರಿಗೆ ತೋರಿಸುವುದು ರೂಢಿಯಾಯಿತು. ಪಾಲಕರಿಲ್ಲದಾಗ ಹೆಚ್ಚು ಕೆಡುವುದೇ ಇಲ್ಲಿ: ಕಣ್ಣು ಮುಚ್ಚಿಕೊಂಡು ದೇವರ ನೆಪದಲ್ಲಿ ಖಜಾಂಚಿಯ ಲೆಕ್ಕ ಕೇಳುವ ಪ್ರಾರ್ಥನೆಗಳು ಹುಟ್ಟಿಕೊಳ್ಳುತ್ತವೆ. ‘ಆಮೆನ್’ ಹೇಳಿದ ಅರ್ಧ ಸಭೆ ಒಂದು ಪಕ್ಷ, ಹೇಳದ ಅರ್ಧ ಇನ್ನೊಂದು.

ಈ ತಿಂಗಳ ಸರದಿ ಪಟ್ಟಿ ಬಾಗಿಲ ಬಳಿ ಅಂಟಿಸಿದೆ. ರಾತ್ರಿ 2.30ರ ಸರದಿ ಇನ್ನೂ ಖಾಲಿ. 3ಕ್ಕೆ ಹೊಸ ಪಾಲಕರು ಹೆಸರು ಬರೆದಿದ್ದಾರೆ. ಅವರ ಜೊತೆಗೊಬ್ಬರು ಬೇಕು.