ಹತ್ತರಲ್ಲಿ ಎರಡು

ಪ್ರೀತಿಯ ಅನು,

ನೀನು ಮೇಲೆ ಸೂಟ್‌ಕೇಸ್ ತುಂಬಿಸುತ್ತಿದ್ದೀಯ. ನಾನು ಅಂಗಡಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಎದುರು ಬಂದು ಮಾತಾಡಿದರೆ ಮತ್ತೆ ಜಗಳವೇ. ಕಾಗದ ಆದರೆ ನಿನಗೆ ಬೇಕಾದಷ್ಟು ಓದಿ ನಿಲ್ಲಿಸಬಹುದು. ನಿನಗೂ ಹಾಗೇ ಇಷ್ಟ ಅಲ್ವಾ?

ಕಾರ್ಡಿನ ವಿಷಯ. ನಿನಗೆ ಆಟಿಸಂ ಇದೆ, ನೋವಾದರೆ ಮುಖದಲ್ಲಿ ಕಾಣುವುದಿಲ್ಲ ಅಂತ ಡಾಕ್ಟರುಗಳಿಗಾಗಿ ನಾನು ಬರೆದ ಕಾರ್ಡು. ನಿನ್ನ ಪರ್ಸಿನಲ್ಲಿ ನಾನು ಇಟ್ಟಿದ್ದನ್ನು ನಿನ್ನೆ ರಾತ್ರಿ ತೆಗೆದು ಊಟದ ಮೇಜಿನ ಮೇಲೆ ಹಾಕಿದೆ. "ಅಮ್ಮ, ನಾನೇನು ಕೊರಿಯರ್ ಪಾರ್ಸೆಲ್ಲಾ, ಮೇಲೆ ಚೀಟಿ ಅಂಟಿಸಲಿಕ್ಕೆ?" ಅಂದೆ. ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ. ಲ್ಯಾಮಿನೇಶನ್ ಮಾಡಿಸಿದ್ದೆ, ಮಳೆಗೆ ಒದ್ದೆಯಾಗಬಾರದು ಅಂತ.

ಮೈಸೂರಿಗೆ ಕಳಿಸಲು ನನಗೆ ಹೆದರಿಕೆ ಅಂದುಕೊಂಡಿದ್ದೀಯ. ಹಾಗಲ್ಲ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನಿನಗೆ ಸೀಟು ಸಿಕ್ಕಿದ ದಿನ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೇನೆ. ಕೆಮ್ಮಿನ ಔಷಧಿಗೆ ಬಂದವರಿಗೂ ಹೇಳಿದ್ದೇನೆ. ಸಂತೆಕಟ್ಟೆಯಲ್ಲಿ ಹಾರ್ನ್ ಕೇಳಿಯೇ ಯಾವ ಬಸ್ಸು ಅಂತ ಹೇಳುತ್ತಿದ್ದವಳು ನೀನು. ವಿಟ್ಲಪಿಂಡಿಯ ದಿನ ಹುಲಿವೇಷದ ತಾಸೆಯ ಬಡಿತ ಕೇಳಿದರೆ ಕಿವಿ ಮುಚ್ಚಿಕೊಂಡು ಒಳಕೋಣೆಗೆ ಓಡುತ್ತಿದ್ದವಳೂ ನೀನೇ. ಆ ಕಿವಿ ಇಟ್ಟುಕೊಂಡು ನೀನು ಶ್ರವಣಶಾಸ್ತ್ರ ಓದದೆ ಇನ್ನು ಯಾರು ಓದಬೇಕು?

ನನ್ನ ಹೆದರಿಕೆ ಒಂದೇ. ಅಲ್ಲಿ ನಿನಗೆ ಹುಷಾರು ತಪ್ಪಿ, ಒಬ್ಬಳೇ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ?

ಒಂಬತ್ತನೇ ಕ್ಲಾಸಿನ ಅಪೆಂಡಿಕ್ಸ್. "ಮತ್ತೆ ಶುರು ಮಾಡಿದ್ರಾ" ಅನ್ನುತ್ತೀಯ. ಹೌದು, ಮತ್ತೆ.

ಬೆಳಿಗ್ಗೆ ಹೊಕ್ಕುಳದ ಹತ್ತಿರ ಏನೋ ಆಗುತ್ತಿದೆ ಅಂದೆ. ಮಧ್ಯಾಹ್ನ ಅದು ಬಲಗಡೆ ಕೆಳಗೆ ಇಳಿದಿದೆ ಅಂದೆ. ಅಪೆಂಡಿಕ್ಸ್ ನೋವು ಹಾಗೇ ಇಳಿಯುವುದು. ಡಿ.ಫಾರ್ಮಾ ಓದಿದ ನನಗೇ ಗೊತ್ತು, ಕ್ಯಾಶುವಲ್ಟಿಯ ಡಾಕ್ಟರಿಗೆ ಗೊತ್ತಿರುವುದಿಲ್ಲವಾ? ನೀನು ಅವರ ಮುಂದೆಯೂ ಅದನ್ನೇ, ಅದೇ ಕ್ರಮದಲ್ಲಿ ಹೇಳಿದೆ. ಆದರೆ ಪೇಪರ್ ಓದಿದ ಹಾಗೆ ಹೇಳಿದೆ. ಅವರು ಮಾತು ಕೇಳಲಿಲ್ಲ, ಮುಖ ನೋಡಿದರು.

"ಹತ್ತರಲ್ಲಿ ಎಷ್ಟು ನೋವು?"

"ಹತ್ತು ಅಂದರೆ ಯಾವುದು?"

"ನೀನು ಊಹಿಸಬಹುದಾದ ಅತಿ ದೊಡ್ಡ ನೋವು."

ನೀನು ಫ್ಯಾನ್ ನೋಡುತ್ತಾ ತುಂಬಾ ಹೊತ್ತು ಯೋಚಿಸಿದೆ. ಆಮೇಲೆ "ಎರಡು" ಅಂದೆ. ಲಾರಿ ಕಾಲ ಮೇಲೆ ಹತ್ತಿದರೆ ಹತ್ತು, ಅದರ ಮುಂದೆ ಇದು ಎರಡೇ ಅಂತ ಲೆಕ್ಕ ಹಾಕಿದ್ದೆಯಂತೆ. ಅದನ್ನು ನೀನು ನನಗೆ ಹೇಳಿದ್ದು ಹೊಲಿಗೆ ಬಿಚ್ಚಿದ ಮೇಲೆ. ಹೊಟ್ಟೆ ಒತ್ತುವ ಮೊದಲು ಅವರು "ಅಲುಗಾಡಬೇಡ" ಅಂದಿದ್ದರು. ನೀನು ಅಲುಗಾಡಲಿಲ್ಲ. ಹಲ್ಲು ಕಚ್ಚಿ ಮಲಗಿದ್ದೆ. ನೋವಿದ್ದವರು ಹೀಗೆ ಮಲಗುವುದಿಲ್ಲ ಅಂದರು. ಆಟಿಸಂ ಅಂತ ಬರೆದ ಫೈಲು ನನ್ನ ಕೈಯಲ್ಲೇ ಇತ್ತು. ತೆರೆದು ತೋರಿಸಿದೆ. "ಅದಕ್ಕೂ ಹೊಟ್ಟೆನೋವಿಗೂ ಏನು ಸಂಬಂಧ?" ಅಂದರು. ಗ್ಯಾಸ್ ಮಾತ್ರೆ ಬರೆದು ಕಳಿಸಿದರು. ನಮ್ಮ ಅಂಗಡಿಯಲ್ಲೇ ಇರುವ ಮಾತ್ರೆ!

ಸಂಬಂಧ ಇದೆ ಅಂತ ನಾನು ಆಮೇಲೆ ಓದಿದೆ. ಡಿಎಸ್‌ಎಂ-5 ಅಂತ ಅಮೆರಿಕದ ಮನೋವೈದ್ಯರ ಕೈಪಿಡಿ, 2013ರದ್ದು. ಆಟಿಸಂನ ಲಕ್ಷಣಗಳಲ್ಲಿ ಶಬ್ದಕ್ಕೆ, ಸ್ಪರ್ಶಕ್ಕೆ ವಿಪರೀತ ಸ್ಪಂದಿಸುವುದನ್ನು ಅದರಲ್ಲಿ ಹೇಳಿದ್ದಾರೆ. ನೋವು, ಬಿಸಿ, ತಣ್ಣಗಿನ ಪರಿವೆಯೇ ಇಲ್ಲದ ಹಾಗೆ ಕಾಣುವುದನ್ನೂ ಅಲ್ಲೇ ಹೇಳಿದ್ದಾರೆ. ಕಾಣುವುದು ಅಷ್ಟೆ. ಒಳಗೆ ನೋವು ಇಲ್ಲ ಅಂತ ಅಲ್ಲ.

ಆ ರಾತ್ರಿ ಕುಂದಾಪುರ ಕಡೆಯ ಕೊನೆಯ ಬಸ್ಸು ಹಾರ್ನ್ ಹಾಕಿಕೊಂಡು ಹೈವೇಯಲ್ಲಿ ಹೋಯಿತು. ನೀನು ಹೆಸರು ಹೇಳಲಿಲ್ಲ. ಜ್ವರ ಬಂದಾಗಲೂ ಹೇಳುತ್ತಿದ್ದವಳು. ನಾನು ಎದ್ದು ಅಪ್ಪನಿಗೆ ಕಾರು ತೆಗೆಯಿರಿ ಅಂದೆ. ಇನ್ನೊಂದು ಆಸ್ಪತ್ರೆ, ಸ್ಕ್ಯಾನ್. ಅಷ್ಟು ಹೊತ್ತಿಗೆ ಅದು ಒಡೆದಿತ್ತು. ಆಪರೇಶನ್, ಹೊಟ್ಟೆಗೆ ಹಾಕಿದ ಟ್ಯೂಬು, ಅದೆಲ್ಲ ಬಿಡು.

ಮೈಸೂರಿನಲ್ಲಿ ನಿನ್ನ ಬಸ್ಸಿನ ಹೆಸರಿಗೆ ಕಾಯುವವರು ಯಾರು ಇರುತ್ತಾರೆ? ನನ್ನ ತಲೆಯಲ್ಲಿ ತಿರುಗುತ್ತಿರುವುದು ಇದೊಂದೇ.

ನೀನು ಹೇಳುವುದೂ ನನಗೆ ಅರ್ಥವಾಗುತ್ತದೆ. ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ ಬರೆದದ್ದನ್ನು ತೋರಿಸಿದ್ದೆ ಅಲ್ವಾ, 2012ರದ್ದು. ಅವರಿಗೂ ಆಟಿಸಂ. ಆಟಿಸಂ ಇದ್ದವರಿಗೆ ಇತರರು ಅರ್ಥವಾಗದಷ್ಟೇ, ಇತರರಿಗೂ ಆಟಿಸಂ ಇದ್ದವರು ಅರ್ಥವಾಗುವುದಿಲ್ಲ, ತೊಡಕು ಎರಡೂ ಕಡೆ ಇದೆ ಅಂತ. ಹಾಗಿದ್ದ ಮೇಲೆ ಚೀಟಿ ಹಿಡಿದುಕೊಂಡು ತಿರುಗುವ ಕೆಲಸ ಯಾವಾಗಲೂ ನನಗೇ ಯಾಕೆ ಅಂತ ಕೇಳಿದೆ. ನ್ಯಾಯವಾದ ಪ್ರಶ್ನೆ. ಡಾಕ್ಟರುಗಳು ಕಲಿಯಲೇಬೇಕು. ಆದರೆ ಅವರು ಕಲಿಯುವವರೆಗೆ ಅಪೆಂಡಿಕ್ಸ್ ಕಾಯುವುದಿಲ್ಲವಲ್ಲ ಮಗಾ!

ಯುಡಿಐಡಿ ಕಾರ್ಡ್, ಅಂದರೆ ಸರ್ಕಾರ ಕೊಟ್ಟ ಅಂಗವಿಕಲರ ಗುರುತಿನ ಚೀಟಿ, ಪರ್ಸಿನಲ್ಲೇ ಇರಲಿ. ಅದಕ್ಕೆ ನೀನು ಬೇಡ ಅನ್ನುವುದಿಲ್ಲ. 1995ರ ಕಾನೂನಿನಲ್ಲಿ 7 ವೈಕಲ್ಯ ಇದ್ದವು, ಆಟಿಸಂ ಇರಲಿಲ್ಲ. 2016ರ ಹೊಸ ಕಾನೂನಿನಲ್ಲಿ 21 ಆದವು, ಆಟಿಸಂ ಸೇರಿತು, ಓದು ಬರಹದ ತೊಂದರೆಯೂ ಸೇರಿತು. (ನಿನ್ನ ಮಾವನ ಮಗನ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ತೊಂದರೆ, ಇನ್ನೂ ಆ ಪಟ್ಟಿಯಲ್ಲಿ ಇಲ್ಲ. ಅತ್ತೆ ಶಾಲೆಯಿಂದ ಶಾಲೆಗೆ ಅಲೆಯುವುದು ನೀನೇ ನೋಡಿದ್ದೀಯ.) ಪಿಯುಸಿ ಪರೀಕ್ಷೆಯಲ್ಲಿ ನಿನಗೆ ಗಂಟೆಗೆ 20 ನಿಮಿಷ ಜಾಸ್ತಿ ಸಿಕ್ಕಿದ್ದು ಆ ಕಾರ್ಡಿನಿಂದ. ಆ 2016ರ ಕಾನೂನಿನ 25ನೇ ಸೆಕ್ಷನ್‌ನಲ್ಲಿ ಚಿಕಿತ್ಸೆಗೆ ಆದ್ಯತೆ ಕೊಡಬೇಕು ಅಂತಲೂ ಇದೆ. ಕೇಳಲು ನಾಚಿಕೊಳ್ಳಬೇಡ. ಆದರೆ ಆ ಕಾರ್ಡಿನಲ್ಲಿ ಇರುವುದು ವೈಕಲ್ಯ ಶೇಕಡಾ ಎಷ್ಟು ಅನ್ನುವುದು. ಅನುವಿಗೆ ನೋವಾದರೆ ಹೇಗೆ ಗೊತ್ತಾಗುತ್ತದೆ ಅನ್ನುವುದು ಅದರಲ್ಲಿ ಇಲ್ಲ. ಅದಕ್ಕೇ ನಾನು ಬರೆದೆ. ನನ್ನ ಕನ್ನಡ ಮಾಸ್ತರರ ಹಾಗಿದೆ ಅಂತ ನಿನ್ನ ದೂರು. ಇರಬಹುದು, ಕ್ಷಮಿಸು. ನೀನೇ ನಿನ್ನ ಮಾತಿನಲ್ಲಿ ಬರೆದುಕೋ. ಇಂಗ್ಲಿಷಿನಲ್ಲೇ ಬರಿ, ಎರಡೇ ಸಾಲು ಬರಿ.

ಈ ಕೌಂಟರಿನ ಹಿಂದೆ ಕೂತು ನಾನು ಕಲಿತದ್ದು ಒಂದು ಹೇಳುತ್ತೇನೆ, ಕೇಳು. ನಮ್ಮವರು ಯಾರೂ ನೋವಿಗೆ ನಂಬರ್ ಹೇಳುವುದಿಲ್ಲ. ಶಂಕರಪುರದಲ್ಲಿ ಮಲ್ಲಿಗೆ ಬೆಳೆಯುವ ಹೆಂಗಸು "ಹೂ ಕಟ್ಟಲಿಕ್ಕೆ ಕೂತರೆ ಏಳಲಿಕ್ಕೆ ಆಗುವುದಿಲ್ಲ" ಅನ್ನುತ್ತಾಳೆ. ಮಲ್ಪೆಯಿಂದ ಬರುವವನು "ಬಲೆ ಎಳೆಯಲಿಕ್ಕೆ ಕೈ ಬರುವುದಿಲ್ಲ" ಅನ್ನುತ್ತಾನೆ. ಯಾವ ಕೆಲಸ ನಿಂತಿತು ಅಂತ ಹೇಳುತ್ತಾರೆ. ನೀನೂ ಹಾಗೇ ಹೇಳು. ಹತ್ತರಲ್ಲಿ ಎಷ್ಟು ಅಂತ ಕೇಳಿದರೆ ಲಾರಿಯ ಲೆಕ್ಕ ಹಾಕಬೇಡ. ನಿದ್ದೆ ಬಂದಿಲ್ಲ, ನೆಟ್ಟಗೆ ನಿಲ್ಲಲು ಆಗುವುದಿಲ್ಲ, ಬೆಳಿಗ್ಗೆಯಿಂದ ಯಾವ ಬಸ್ಸಿನ ಹಾರ್ನೂ ಕೇಳಬೇಕು ಅನ್ನಿಸಿಲ್ಲ ಅಂತ ಹೇಳು. ಕೊನೆಯದಕ್ಕೆ ಅವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ. "ನನ್ನ ಮುಖ ನೋಡಿ ತೀರ್ಮಾನ ಮಾಡಬೇಡಿ, ರಕ್ತ ಪರೀಕ್ಷೆ ಮಾಡಿ" ಅನ್ನು. ಒತ್ತುವಾಗ ಅಲುಗಾಡಬೇಡ ಅಂದರೆ, ನೋವಾದರೆ ಕೈ ಎತ್ತಲಾ ಅಂತ ಮೊದಲೇ ಕೇಳಿಕೋ. ಟ್ಯೂಬ್‌ಲೈಟಿನ ಸದ್ದಿಗೆ ತಲೆ ಕೆಟ್ಟರೆ ಹೆಡ್‌ಫೋನ್ ಹಾಕಿಕೋ, ಯಾರಾದರೂ ಬೈದರೆ ಬೈಯಲಿ.

ಇದು ಭಾಷಣ ಆಯಿತು. ಗೊತ್ತು.

ಮುಂದೆ ನಿನ್ನ ಎದುರೇ ಮಕ್ಕಳು ಬಂದು ಕೂರುತ್ತಾರೆ. ಮಾತು ಬಾರದ ಮಕ್ಕಳು, ಬಂದರೂ ಆಡದ ಮಕ್ಕಳು. ಪಕ್ಕದಲ್ಲಿ ನನ್ನಂಥ ಅಮ್ಮಂದಿರು ಫೈಲು ಹಿಡಿದುಕೊಂಡು ಕೂತಿರುತ್ತಾರೆ. ನಾವು ಜಾಸ್ತಿ ಮಾತಾಡುತ್ತೇವೆ. ಸ್ವಲ್ಪ ತಾಳಿಕೋ.

ಕಾರ್ಡು ಬೇಡವಾದರೆ ಬೇಡ. ಅದಕ್ಕೆ ಬದಲು ಹಾಸ್ಟೆಲ್‌ನಲ್ಲಿ ಯಾರಾದರೂ ಒಬ್ಬಳಿಗೆ ವಿಷಯ ಹೇಳಿಡು. ಯಾರು ಅಂತ ನನಗೆ ಹೇಳಬೇಕಾಗಿಲ್ಲ. ಹೇಳಿದರೆ ಒಳ್ಳೆಯದು.

ಔಷಧಿ ಡಬ್ಬಿಯನ್ನು ಸೂಟ್‌ಕೇಸಿನ ಬಲಗಡೆ ಇಟ್ಟಿದ್ದೇನೆ. ಹೊಟ್ಟೆನೋವಿಗೆ ಪ್ಯಾರಾಸಿಟಮಾಲ್ ನುಂಗಿ ಸುಮ್ನೆ ಮಲಗಬೇಡ. ಅಪೆಂಡಿಕ್ಸ್ ಈಗ ಇಲ್ಲವಲ್ಲ ಅನ್ನುತ್ತೀಯ. ಹೊಟ್ಟೆಯಲ್ಲಿ ಬೇರೆ ಎಷ್ಟೋ ಇವೆ.

ನಿನ್ನ
ಅಮ್ಮ